ಅಜ್ಜನ ಬೀಡಿ, ಮೇಷ್ಟ್ರ ಜೂನ್ 1

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಜ್ಜನಿಗೆ ಬೀಡಿ ತರುವುದು ನನ್ನ ಸಂಜೆಯ ಕೆಲಸ. ಅಂಗಡಿಯವರು ವಯಸ್ಸು ಕೇಳುತ್ತಿರಲಿಲ್ಲ. "ಅಜ್ಜಂಗೇನೋ?" ಎಂದು ಕಟ್ಟು ಕೈಗಿಡುತ್ತಿದ್ದರು. ಒಂದು ಸಂಜೆ ದಾರಿಯಲ್ಲಿ ಕಟ್ಟಿನಿಂದ ಒಂದು ಬೀಡಿ ಎಳೆದು ಜೇಬಿಗೆ ಹಾಕಿಕೊಂಡೆ.

ಸಂಶೋಧನೆಗಾಗಿ ಹಳೆಯ ಕಾಯ್ದೆಗಳನ್ನು ಓದುವಾಗ ಆ ಸಂಜೆ ನೆನಪಾಯಿತು. ಇಂಗ್ಲೆಂಡಿನಲ್ಲೂ ಮನೆಯವರಿಗೆ ಜಗ್ಗಿನಲ್ಲಿ ಬಿಯರ್ ತರಲು ಮಕ್ಕಳನ್ನೇ ಕಳಿಸುತ್ತಿದ್ದರು. ದಾರಿಯಲ್ಲಿ ಅವರು ಗುಟುಕು ಹೀರುತ್ತಾರೆಂಬ ಆತಂಕವಿತ್ತು. 1901ರ ಕಾಯ್ದೆಯ ಪ್ರಕಾರ 14 ವರ್ಷದೊಳಗಿನವರಿಗೆ 'ಗೊತ್ತಿದ್ದೂ' ಮದ್ಯ ಮಾರುವುದು ಅಪರಾಧವಾಯಿತು. ಬಿರಡೆ ಬಿಗಿದು ಮುದ್ರೆ ಹಾಕಿದ, ಒಂದು ಪಿಂಟಿಗೆ ಕಡಿಮೆಯಿಲ್ಲದ ಬಾಟಲಿಗೆ ವಿನಾಯಿತಿಯಿತ್ತು.

'ಗೊತ್ತಿದ್ದೂ' ಎಂಬ ಮಾತು ಮಾರುವವನಿಗೆ ಒಂದು ಕಿಂಡಿ ಬಿಟ್ಟಿತು: ಗೊತ್ತಿರಲಿಲ್ಲ ಎನ್ನಬಹುದಿತ್ತು. 1908ರ ಮಕ್ಕಳ ಕಾಯ್ದೆ ಸಿಗರೇಟಿನ ವಿಷಯದಲ್ಲಿ ಆ ಕಿಂಡಿ ಮುಚ್ಚಿತು. ನೋಡಲು 16ಕ್ಕಿಂತ ಚಿಕ್ಕವರೆನಿಸಿದರೆ ಸಾಕು, ಸ್ವಂತಕ್ಕಾಗಲಿ ಬೇರೆಯವರಿಗಾಗಲಿ ಮಾರುವಂತಿಲ್ಲ. ತೀರ್ಮಾನ ಈಗ ಮಾರುವವನ ಕಣ್ಣಿನದು.

ನಮ್ಮಲ್ಲಿ 2003ರ ತಂಬಾಕು ನಿಯಂತ್ರಣ ಕಾಯ್ದೆ 18 ವರ್ಷದೊಳಗಿನವರಿಗೆ ಮಾರಾಟ ನಿಷೇಧಿಸಿತು. 2024ರಲ್ಲಿ ಕರ್ನಾಟಕದ ಶಾಸಕಾಂಗ ಅದನ್ನು 21ಕ್ಕೆ ಏರಿಸುವ ತಿದ್ದುಪಡಿಗೆ ಒಪ್ಪಿತು. ಕೇಂದ್ರದ ನಿಯಮಗಳ ಪ್ರಕಾರ, ಕೊಳ್ಳುವವರು ಅಪ್ರಾಪ್ತರಲ್ಲವೆಂದು ಸಾಬೀತುಪಡಿಸುವ ಹೊಣೆ ಮಾರುವವರದು. ಅನುಮಾನ ಬಂದರೆ ವಯಸ್ಸಿನ ದಾಖಲೆ ಕೇಳಬಹುದು. ಹೀಗೆ ಕಣ್ಣಿನ ಜಾಗಕ್ಕೆ ಕಾಗದ ಬಂತು.

ಆ ಕಾಗದ ಎಲ್ಲಿಂದ ಬಂತು? ದೇಶಕ್ಕೆಲ್ಲ ಒಂದೇ ಆದ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಆಮೇಲೂ ಹಳ್ಳಿಗಳಲ್ಲಿ ಎಷ್ಟೋ ಹೆರಿಗೆಗಳು ಯಾವ ಪುಸ್ತಕಕ್ಕೂ ಏರಲಿಲ್ಲ. ಮಗು ತಲೆಯ ಮೇಲಿಂದ ಕೈ ಬಳಸಿ ಆಚೆ ಕಿವಿ ಮುಟ್ಟಿದರೆ ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಒಂದು ವರ್ಷ ಅಂದಾಜಿಸಿ ಜೂನ್ 1 ಎಂದು ಬರೆಯುತ್ತಿದ್ದರು. ನನ್ನ ಅಪ್ಪ, ದೊಡ್ಡಪ್ಪ, ಸೋದರಮಾವ ಮೂವರೂ 'ಹುಟ್ಟಿದ್ದು' ಜೂನ್ 1ರಂದೇ. ಆಧಾರ್ ಕಾರ್ಡಿನಲ್ಲೂ ಅದೇ ಇದೆ. ಕಾಗದದ ಹಿಂದೆ ಇದ್ದದ್ದೂ ಮೇಷ್ಟ್ರ ಕಣ್ಣಂದಾಜೇ.

ಹಾಗೆಂದು ಗುರುತಿನ ಚೀಟಿ ಕೇಳುವುದು ವ್ಯರ್ಥವೆನ್ನಲಾರೆ. ಯಾರಿಗೆ ಯಾರೂ ಗೊತ್ತಿಲ್ಲದ ಪಟ್ಟಣದಲ್ಲಿ ಅದು ಬೇಕು. ನಮ್ಮೂರಿನ ಕತೆ ಬೇರೆ. ನನ್ನ ತೊಟ್ಟಿಲಿಗೆ ಬಂದಿದ್ದ ಅಂಗಡಿಯವರಿಗೆ ನನ್ನ ವಯಸ್ಸು ಯಾವ ಕಾರ್ಡಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಕಳಿಸಿದ ಅಜ್ಜನಿಗೂ ಗೊತ್ತಿತ್ತು. 1901ರವರು ಬರೆದ ಆ ಹಳೆಯ ಮಾತು ನಮಗೇ ಸರಿಯಾಗಿ ಹೊಂದುತ್ತದೆ: ಗೊತ್ತಿದ್ದೂ.