ಗಾಜಾದಿಂದ ಸೈಪ್ರಸ್‌ವರೆಗೆ: ಶಾಂತಿಪಾಲನೆಯ ಹಾದಿಯಲ್ಲಿ ಕೊಡಗಿನ ಜನರಲ್ ತಿಮ್ಮಯ್ಯ

ಮಡಿಕೇರಿ: ಇಸ್ರೇಲ್ ಮತ್ತು ಅರಬ್ಬರ ನಡುವಣ ಸಂಘರ್ಷದ ಸುದ್ದಿ ಬಂದಾಗಲೆಲ್ಲ ಕದನವಿರಾಮ, ಶಾಂತಿಪಾಲನಾ ಪಡೆ, ತಟಸ್ಥ ವಲಯ ಎಂಬ ಪದಗಳು ಕೇಳಿಬರುತ್ತವೆ. ಕಾದಾಡುವ ಎರಡು ಪಕ್ಷಗಳ ನಡುವೆ ಮೂರನೆಯವರ ಸೈನಿಕರು ನಿಲ್ಲುವ ಈ ಪದ್ಧತಿ ರೂಪುಗೊಂಡ ಆರಂಭದ ವರ್ಷಗಳಲ್ಲಿ ಕೊಡಗಿನ ಸೇನಾನಿಯೊಬ್ಬರ ಪಾಲು ದೊಡ್ಡದು. ಅವರೇ 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಜೊಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ 1948ರ ಕಾರ್ಯಾಚರಣೆಯಿಂದಾಗಿ ತಿಮ್ಮಯ್ಯನವರು ನಾಡಿಗೆ ಪರಿಚಿತರು. 1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದುದೂ ಎಲ್ಲರಿಗೂ ಗೊತ್ತು. ಆದರೆ ಅವರು ಕೊನೆಯುಸಿರೆಳೆದದ್ದು ಯುದ್ಧಭೂಮಿಯಲ್ಲಲ್ಲ. ಪರದೇಶದ ಜಗಳವೊಂದು ಮತ್ತೆ ಭುಗಿಲೇಳದಂತೆ ಕಾಯುತ್ತಿದ್ದಾಗ.

ಸಂಘರ್ಷದ ಹಿನ್ನೆಲೆ

ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ತೀನನ್ನು ಯಹೂದಿ ಮತ್ತು ಅರಬ್ ರಾಷ್ಟ್ರಗಳಾಗಿ ವಿಭಜಿಸುವ ಯೋಜನೆಗೆ ವಿಶ್ವಸಂಸ್ಥೆಯ ಮಹಾಸಭೆ 1947ರ ನವೆಂಬರ್ 29ರಂದು ಒಪ್ಪಿಗೆ ನೀಡಿತು. ವಿಭಜನೆಗೆ ಬದಲಾಗಿ ಒಕ್ಕೂಟ ವ್ಯವಸ್ಥೆಯನ್ನು ಬಯಸಿದ್ದ ಭಾರತ ಇದರ ವಿರುದ್ಧ ಮತ ಚಲಾಯಿಸಿತು. 1948ರ ಮೇ ತಿಂಗಳಲ್ಲಿ ಇಸ್ರೇಲ್ ಸ್ಥಾಪನೆಯಾಯಿತು. ಆ ಅವಧಿಯ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. 1949ರಲ್ಲಿ ಯುದ್ಧವಿರಾಮದ ಒಪ್ಪಂದಗಳಾದವು. ಗಡಿಯ ಪ್ರಶ್ನೆ ಮತ್ತು ನಿರಾಶ್ರಿತರ ಪ್ರಶ್ನೆ ಮಾತ್ರ ಹಾಗೆಯೇ ಉಳಿದವು.

1956ರಲ್ಲಿ ಈಜಿಪ್ಟ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದಾಗ ಇಸ್ರೇಲ್, ಬ್ರಿಟನ್ ಮತ್ತು ಫ್ರಾನ್ಸ್ ದಾಳಿ ನಡೆಸಿದವು. ಕೆನಡಾದ ಲೆಸ್ಟರ್ ಪಿಯರ್‌ಸನ್ ಮುಂದಿಟ್ಟ ಸಲಹೆಯಂತೆ ವಿಶ್ವಸಂಸ್ಥೆಯು ತುರ್ತು ಪಡೆಯೊಂದನ್ನು ರಚಿಸಿ ಗಾಜಾ ಮತ್ತು ಸಿನಾಯ್ ಪ್ರದೇಶಗಳಿಗೆ ಕಳುಹಿಸಿತು. ವಿಶ್ವಸಂಸ್ಥೆಯ ಮೊದಲ ಸಶಸ್ತ್ರ ಶಾಂತಿಪಾಲನಾ ಪಡೆ ಇದೇ. ಉಭಯ ಪಕ್ಷಗಳ ಒಪ್ಪಿಗೆ, ನಿಷ್ಪಕ್ಷಪಾತ, ಆತ್ಮರಕ್ಷಣೆಗಷ್ಟೇ ಆಯುಧ ಬಳಕೆ, ಇವು ಅದರ ಮೂರು ಸೂತ್ರಗಳು. ಪಡೆ ತನ್ನ ನೆಲದಲ್ಲಿರಲು ಇಸ್ರೇಲ್ ಒಪ್ಪಲಿಲ್ಲ. ಹೀಗಾಗಿ ಅದು ಈಜಿಪ್ಟಿನ ಹಿಡಿತದಲ್ಲಿದ್ದ ಭಾಗದಲ್ಲಿ ಮಾತ್ರ ನೆಲೆಗೊಂಡಿತು.

ಭಾರತದ ಸೈನಿಕರು ಈ ಪಡೆಯಲ್ಲಿ ಆರಂಭದಿಂದ ಅಂತ್ಯದವರೆಗೂ ಇದ್ದರು. ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾಗಿದ್ದ ನಾಲ್ಕು ವರ್ಷಗಳಲ್ಲಿಯೂ ಗಾಜಾದಲ್ಲಿ ಭಾರತೀಯ ತುಕಡಿಯಿತ್ತು. ಆ ಅವಧಿಯಲ್ಲಿಯೇ, 1959ರ ಕೊನೆಯಲ್ಲಿ, ಪಡೆಯ ನೇತೃತ್ವ ಭಾರತದ ಪಿ.ಎಸ್. ಗ್ಯಾನಿ ಅವರಿಗೆ ದೊರೆಯಿತು.

ಕೊರಿಯಾದ ಅನುಭವ

ಇದಕ್ಕೂ ಮುನ್ನ ತಿಮ್ಮಯ್ಯನವರು ಕೊರಿಯಾದಲ್ಲಿ ಇಂಥದೇ ಕಠಿಣ ಹೊಣೆ ಹೊತ್ತಿದ್ದರು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ಸಮಸ್ಯೆ ಎದುರಾಯಿತು. ಅಂಥವರು ವಿಶ್ವಸಂಸ್ಥೆಯ ಕಡೆಯ ಸೆರೆಯಲ್ಲಿ 22 ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಎದುರು ಪಕ್ಷದ ಸೆರೆಯಲ್ಲಿ 359 ಮಂದಿ. ಇದಕ್ಕಾಗಿ ರಚಿತವಾದ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರಾದರು. ಕೈದಿಗಳ ಕಾವಲಿಗಾಗಿ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ನೇತೃತ್ವದ ಭಾರತೀಯ ಪಡೆ ಬಂದಿತು. ಭಾರತೀಯರು ತನ್ನ ನೆಲದ ಮೇಲೆ ಕಾಲಿಡುವುದನ್ನು ದಕ್ಷಿಣ ಕೊರಿಯಾ ಸರಕಾರ ವಿರೋಧಿಸಿದ್ದರಿಂದ ಅವರನ್ನು ಹೆಲಿಕಾಪ್ಟರುಗಳಲ್ಲಿ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು.

ಕೈದಿಗಳ ಭವಿಷ್ಯವನ್ನು ನಿರ್ಧರಿಸಬೇಕಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಆಗ ತಿಮ್ಮಯ್ಯನವರು ಕೈದಿಗಳನ್ನು ತಾವೇ ಬಿಡುಗಡೆ ಮಾಡದೆ, 1954ರ ಜನವರಿಯಲ್ಲಿ ಅವರನ್ನು ಮೊದಲು ಸೆರೆಯಲ್ಲಿಟ್ಟಿದ್ದ ಪಕ್ಷಗಳಿಗೇ ಒಪ್ಪಿಸಿದರು. ಕಾವಲುಗಾರನಿಗೆ ತೀರ್ಪು ನೀಡುವ ಅಧಿಕಾರವಿಲ್ಲ ಎಂಬ ನಿಲುವು ಅದರಲ್ಲಿತ್ತು. ಅದೇ ವರ್ಷ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

ಸೈಪ್ರಸ್‌ನ ಹೊಣೆ

ಲೆಬನಾನ್, ಸಿರಿಯಾ ತೀರಗಳಿಗೆ ಎದುರಾಗಿರುವ ಸೈಪ್ರಸ್ ದ್ವೀಪ 1960ರಲ್ಲಿ ಸ್ವತಂತ್ರವಾಯಿತು. ಮೂರೇ ವರ್ಷಗಳಲ್ಲಿ ಅಲ್ಲಿನ ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ರಕ್ತಪಾತ ಆರಂಭವಾಯಿತು. 1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿ ಅಲ್ಲಿಗೆ ಶಾಂತಿಪಾಲನಾ ಪಡೆಯನ್ನು ಕಳುಹಿಸಲು ನಿರ್ಧರಿಸಿದಾಗ, ಗಾಜಾದಲ್ಲಿ ಪಳಗಿದ್ದ ಗ್ಯಾನಿ ಅವರೇ ಅದರ ಮೊದಲ ದಂಡನಾಯಕರಾದರು. ಅವರಿಂದ ಆ ಹೊಣೆಯನ್ನು ಜುಲೈನಲ್ಲಿ ವಹಿಸಿಕೊಂಡವರು ತಿಮ್ಮಯ್ಯ. ಪಡೆಯಲ್ಲಿ ಬ್ರಿಟನ್, ಕೆನಡಾ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್, ಐರ್ಲೆಂಡ್ ಸೈನಿಕರಿದ್ದರು. ಭಾರತ ಅಲ್ಲಿಗೆ ಕೊಟ್ಟದ್ದು ಸೈನಿಕ ತುಕಡಿಯನ್ನಲ್ಲ, ದಂಡನಾಯಕರನ್ನು.

ಅವರು ಅಧಿಕಾರ ವಹಿಸಿಕೊಂಡ ಮರುತಿಂಗಳೇ ದ್ವೀಪದ ವಾಯವ್ಯದ ಕೊಕ್ಕಿನಾ ಪ್ರದೇಶದಲ್ಲಿ ಕಾದಾಟ ಭುಗಿಲೆದ್ದು, ತುರ್ಕಿಯ ವಿಮಾನಗಳು ಬಾಂಬ್ ದಾಳಿ ನಡೆಸಿದವು. ಭದ್ರತಾ ಮಂಡಳಿಯ ಕರೆಯ ನಂತರ ಕದನ ನಿಂತಿತು. ಅಕ್ಟೋಬರ್‌ನಲ್ಲಿ ನಿಕೋಸಿಯಾ-ಕೈರೇನಿಯಾ ರಸ್ತೆ ವಿಶ್ವಸಂಸ್ಥೆಯ ನಿಯಂತ್ರಣಕ್ಕೆ ಬಂದು, ಪಡೆಯ ಬೆಂಗಾವಲಿನಲ್ಲಿ ಜನರ ಓಡಾಟಕ್ಕೆ ತೆರೆಯಿತು. ರೈತರು ಹೊಲಗಳಿಗೆ ಹೋಗಿ ಕಟಾವು ಮಾಡಿಕೊಳ್ಳಲು ರಕ್ಷಣೆ ನೀಡುವುದೂ ಸೈನಿಕರ ಕೆಲಸವಾಗಿತ್ತು. ಶಾಂತಿಪಾಲನೆಯ ಬಹುಪಾಲು ಇಂಥ ಸದ್ದಿಲ್ಲದ ದುಡಿಮೆಯೇ.

1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ನಿಕೋಸಿಯಾದಲ್ಲಿ ಹೃದಯಾಘಾತದಿಂದ ನಿಧನರಾದರು. ಮರುವರ್ಷ ಸೈಪ್ರಸ್ ಸರಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಲಾರ್ನಾಕಾ ನಗರದ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಕೊರಿಯಾದ ಅನುಭವಗಳ ಕುರಿತು ಅವರು ಬರೆದ ಪುಸ್ತಕ 1981ರಲ್ಲಿ ಪ್ರಕಟವಾಯಿತು.

ಸಿಕ್ಕ ಸಮಯ, ಕಳೆದ ಸಮಯ

ಶಾಂತಿಪಾಲನಾ ಪಡೆ ಸಂಧಾನಕ್ಕೆ ಸಮಯ ಗಳಿಸಿಕೊಡಬಲ್ಲದು, ಸಂಧಾನ ಮಾಡಲಾರದು. ಗಾಜಾದ ಪಡೆ ಹತ್ತು ವರ್ಷ ಗಡಿಯನ್ನು ಬಹುಮಟ್ಟಿಗೆ ಶಾಂತವಾಗಿಟ್ಟಿತು. ಆ ಹತ್ತು ವರ್ಷಗಳಲ್ಲಿ ಮೂಲ ವಿವಾದ ಬಗೆಹರಿಯಲಿಲ್ಲ. 1967ರ ಮೇ ತಿಂಗಳಲ್ಲಿ ಈಜಿಪ್ಟ್ ತನ್ನ ಒಪ್ಪಿಗೆಯನ್ನು ಹಿಂತೆಗೆದುಕೊಂಡಾಗ ಮಹಾಕಾರ್ಯದರ್ಶಿ ಊ ಥಾಂಟ್ ಪಡೆಯನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಹೊರಡುವ ಸಿದ್ಧತೆ ಮುಗಿಯುವ ಮೊದಲೇ, ಜೂನ್ 5ರಂದು ಯುದ್ಧ ಆರಂಭವಾಯಿತು. ಗಾಜಾದಲ್ಲಿದ್ದ ಭಾರತೀಯ ಸೈನಿಕರು ಕೆಲವರು ಪ್ರಾಣ ಕಳೆದುಕೊಂಡರು.

ಸಮಯದ ಸದುಪಯೋಗಕ್ಕೂ ಉದಾಹರಣೆಯಿದೆ. 1973ರ ಯುದ್ಧದ ಬಳಿಕ ಸಿನಾಯ್‌ಗೆ ಎರಡನೆಯ ತುರ್ತು ಪಡೆ ಬಂದಿತು. ಅದರ ಕಾವಲಿನಲ್ಲಿ ಸೇನೆಗಳು ಹಂತಹಂತವಾಗಿ ಹಿಂದೆ ಸರಿದವು. ಜತೆಯಲ್ಲಿಯೇ ಮಾತುಕತೆ ನಡೆದು, 1978ರ ಕ್ಯಾಂಪ್ ಡೇವಿಡ್ ಸಂಧಾನ ಹಾಗೂ 1979ರ ಮಾರ್ಚ್ 26ರ ಇಸ್ರೇಲ್-ಈಜಿಪ್ಟ್ ಶಾಂತಿ ಒಪ್ಪಂದ ಸಾಧ್ಯವಾದವು. ಆ ಒಪ್ಪಂದ ಇಂದಿಗೂ ಮುರಿದಿಲ್ಲ. ಆದರೆ 1993ರ ಓಸ್ಲೋ ಒಪ್ಪಂದ ಜೆರುಸಲೇಮ್, ಗಡಿ, ನಿರಾಶ್ರಿತರು, ಯಹೂದಿ ವಸಾಹತುಗಳ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿತು. ಅವು ಇನ್ನೂ ಇತ್ಯರ್ಥವಾಗಿಲ್ಲ.

ಸೈಪ್ರಸ್‌ನಲ್ಲಿಯೂ 1974ರಲ್ಲಿ ತುರ್ಕಿ ಸೇನೆ ನುಗ್ಗಿ ದ್ವೀಪ ಇಬ್ಭಾಗವಾಯಿತು. ಪುನರೇಕೀಕರಣದ ಯೋಜನೆಯನ್ನು 2004ರ ಜನಮತದಲ್ಲಿ ತುರ್ಕಿ ಸಮುದಾಯ ಒಪ್ಪಿತು, ಗ್ರೀಕ್ ಸಮುದಾಯ ತಿರಸ್ಕರಿಸಿತು. ತಿಮ್ಮಯ್ಯನವರು ನಡೆಸಿದ ಪಡೆ ಆರು ದಶಕಗಳ ನಂತರವೂ ಅಲ್ಲಿಯೇ ಇದೆ.

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿ ಮತ್ತು ನಂತರದ ಯುದ್ಧದಲ್ಲಿ ಗಾಜಾ ಬಹುತೇಕ ನೆಲಸಮವಾಯಿತು. 2025ರ ಅಕ್ಟೋಬರ್‌ನಲ್ಲಿ ಕದನವಿರಾಮ ಘೋಷಣೆಯಾಯಿತು. ಮರುತಿಂಗಳು ಭದ್ರತಾ ಮಂಡಳಿಯು ಗಾಜಾಕ್ಕೆ ಅಂತಾರಾಷ್ಟ್ರೀಯ ಸ್ಥಿರೀಕರಣ ಪಡೆಯನ್ನು ಕಳುಹಿಸಲು ಅನುಮತಿ ನೀಡಿತು. ಸೈನಿಕರು ಯಾವ ದೇಶದವರು ಎಂಬುದಕ್ಕಿಂತ, ಅವರು ಕಾಯುವ ಅವಧಿಯಲ್ಲಿ ನಾಯಕರು ಏನು ಮಾಡುವರು ಎಂಬುದೇ ಅಲ್ಲಿಯೂ ನಿರ್ಣಾಯಕ.

ತಿಮ್ಮಯ್ಯನವರ ಮಡಿಕೇರಿಯ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯವಾಗಿದೆ. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಮಡಿಕೇರಿಗೆ ಬರುವ ಪ್ರವಾಸಿಗರು ಅಲ್ಲಿ ಒಬ್ಬ ಯೋಧನ ಬದುಕನ್ನು ನೋಡಬಹುದು. ಯುದ್ಧ ಗೆಲ್ಲಬಲ್ಲ ಯೋಧನೇ ಯುದ್ಧವನ್ನು ತಡೆಯಲು ಪಟ್ಟ ಶ್ರಮವನ್ನೂ ನೆನೆಯಬಹುದು.