ಜಪಾನಿನ ಸಕೆ ಮತ್ತು ವಿಸ್ಕಿ: ಒಂದು ವಿದ್ಯೆಯ ಇತಿಹಾಸ

ಒಂದು ನಾಡಿನ ಇತಿಹಾಸವನ್ನು ಅದರ ಅರಸರ ವಂಶಾವಳಿಯಿಂದಲೂ ಯುದ್ಧಗಳ ತಾರೀಖುಗಳಿಂದಲೂ ಮಾತ್ರ ತಿಳಿಯಲಾಗದು. ಆ ನಾಡಿನ ಜನರು ಏನನ್ನು ಬೆಳೆದರು, ಬೆಳೆದುದನ್ನು ಹೇಗೆ ಪಾಕಕ್ಕೆ ತಂದರು, ಕೈಗೆ ಹತ್ತಿದ ಕಸುಬನ್ನು ಮುಂದಿನ ತಲೆಮಾರಿಗೆ ಹೇಗೆ ಒಪ್ಪಿಸಿದರು ಎಂಬುದೂ ಇತಿಹಾಸವೇ ಸರಿ. ಜಪಾನಿನ ಸಕೆ ಮತ್ತು ವಿಸ್ಕಿ ಎಂಬ ಎರಡು ಪಾನೀಯಗಳ ವೃತ್ತಾಂತವು ಈ ದೃಷ್ಟಿಯಿಂದ ವಿಚಾರಯೋಗ್ಯವಾದುದು. ಮದ್ಯದ ಗುಣಗಾನವು ಈ ಲೇಖನದ ಉದ್ದೇಶವಲ್ಲ. ಅದರಿಂದಾಗುವ ಕೇಡನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಯೂ ಇಲ್ಲ. ತಮ್ಮ ಹಳೆಯ ವಿದ್ಯೆಯನ್ನು ಆ ಜನರು ಹೇಗೆ ಶೋಧಿಸಿ ತಿದ್ದಿಕೊಂಡರು, ಹೊರನಾಡಿನ ವಿದ್ಯೆಯನ್ನು ಹೇಗೆ ಕಲಿತು ತಮ್ಮದಾಗಿಸಿಕೊಂಡರು ಎಂಬುದಷ್ಟೇ ಇಲ್ಲಿಯ ವಿಷಯ.

ಸಕೆಯು ಅಕ್ಕಿಯಿಂದಾಗುವ ಪಾನೀಯ. ಅಕ್ಕಿಯಲ್ಲಿರುವ ಪಿಷ್ಟವು ಮೊದಲು ಸಕ್ಕರೆಯಾಗದ ಹೊರತು ಹುದುಗಿ ಮದ್ಯವಾಗದು. ಯುರೋಪಿನವರು ಬಾರ್ಲಿಯನ್ನು ಮೊಳೆಯಿಸಿ, ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳಿಂದ ಈ ಕಾರ್ಯವನ್ನು ಸಾಧಿಸಿದರು. ಜಪಾನೀಯರಾದರೋ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಕೋಜಿ ಎಂಬ ಬೂಷ್ಟನ್ನು ಬೆಳೆಯಿಸಿ, ಅದರ ಕಿಣ್ವಗಳಿಂದ ಇದನ್ನೇ ಸಾಧಿಸಿದರು. ಕೋಜಿಯು ಪಿಷ್ಟವನ್ನು ಸಕ್ಕರೆಯಾಗಿಸುತ್ತಿರುವಾಗಲೇ ಅದೇ ಪಾತ್ರೆಯಲ್ಲಿ ಯೀಸ್ಟು ಆ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಎರಡು ಕ್ರಿಯೆಗಳೂ ಜೊತೆಜೊತೆಯಾಗಿ ನಡೆಯುವುದರಿಂದ, ಬಟ್ಟಿ ಇಳಿಸದೆಯೇ ಮದ್ಯಸಾರದ ಪ್ರಮಾಣವು ಶೇಕಡಾ 20ರ ಸಮೀಪಕ್ಕೆ ಏರಬಲ್ಲದು. ಬಳಿಕ ನೀರು ಬೆರಸಿ ಸಾಮಾನ್ಯವಾಗಿ ಶೇಕಡಾ 15 ಅಥವಾ 16ಕ್ಕೆ ಇಳಿಸುವರು. ಜಪಾನಿನ ಮದ್ಯಕರ್ಮ ಸಂಘವು 2006ರಲ್ಲಿ ಕೋಜಿಯನ್ನು ‘ರಾಷ್ಟ್ರೀಯ ಶಿಲೀಂಧ್ರ’ವೆಂದು ಸಾರಿತು. ಕೋಜಿಯಿಂದ ಸಕೆ ಮಾಡುವ ಪಾರಂಪರಿಕ ಜ್ಞಾನವನ್ನು ಯುನೆಸ್ಕೋ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಕಸುಬನ್ನು ಹದಕ್ಕೆ ತಂದವರಲ್ಲಿ ನಾರಾ ನಗರದ ಬೌದ್ಧ ವಿಹಾರಗಳ ಭಿಕ್ಷುಗಳೂ ಇದ್ದರೆಂದರೆ ಆಶ್ಚರ್ಯವಾದೀತು. ಆದರೆ ಅಕ್ಷರ, ಬಿಡುವು, ದೇವಸ್ವದ ಅಕ್ಕಿ ಇವು ಮೂರೂ ಅಂದು ಅಲ್ಲಿ ಕೂಡಿದ್ದುವು. ಅಲ್ಲಿಯ ತಾಮೋನ್‌ಇನ್ ಎಂಬ ಮಠದ ದಿನಚರಿಯಲ್ಲಿ, ಸಕೆಯು ಕೆಡದಂತೆ ಅದನ್ನು ಹಿತವಾಗಿ ಕಾಯಿಸುವ ಕ್ರಮವು 1560ರ ದಶಕದಲ್ಲಿಯೇ ದಾಖಲಾಗಿದೆ. ಫ್ರಾನ್ಸಿನ ಲೂಯಿ ಪಾಶ್ಚರನು ದ್ರಾಕ್ಷಾಮದ್ಯವನ್ನು ಇದೇ ರೀತಿ ಕಾಯಿಸಿ ಕಾಪಾಡುವ ಉಪಾಯವನ್ನು ಲೋಕಕ್ಕೆ ತಿಳಿಸಿದ್ದು 1860ರ ದಶಕದಲ್ಲಿ. ಅಂದರೆ ಮುನ್ನೂರು ವರ್ಷಗಳ ಅಂತರ! ಆದರೆ ಒಂದು ಭೇದವನ್ನು ಮರೆಯಲಾಗದು. ಭಿಕ್ಷುಗಳಿಗೆ ಕಾರ್ಯ ತಿಳಿದಿತ್ತು, ಕಾರಣ ತಿಳಿದಿರಲಿಲ್ಲ. ಕಾರಣವನ್ನು ಹುಡುಕುವ ಬುದ್ಧಿಯು ಈ ಕಸುಬಿನಲ್ಲಿ ತಲೆದೋರಿದುದು ತರುವಾಯದ ಸಂಗತಿ.

ಕೋಬೆಯ ಸಮೀಪದ ನಾಡಾ ಎಂಬ ಕಡಲತೀರವು ಎಡೋ ಕಾಲದಲ್ಲಿ ಸಕೆಗೆ ಪ್ರಸಿದ್ಧಿಪಡೆದಿತ್ತು. ಅಲ್ಲಿಂದ ಪೀಪಾಯಿಗಳನ್ನು ತುಂಬಿಕೊಂಡ ಹಡಗುಗಳು ರಾಜಧಾನಿಗೆ ಸಾಗುತ್ತಿದ್ದುವು. ಯಾಮಾಮುರಾ ತಾಝಾಯೆಮೋನ್ ಎಂಬ ವರ್ತಕನಿಗೆ ಅಲ್ಲಿಯ ಉಓಝಾಕಿ ಮತ್ತು ನಿಶಿನೋಮಿಯಾ ಎಂಬ ಎರಡು ಊರುಗಳಲ್ಲಿ ಕಾರ್ಖಾನೆಗಳಿದ್ದುವು. ನಿಶಿನೋಮಿಯಾದ ಸಕೆಯೇ ಯಾವಾಗಲೂ ಮೇಲಾಗಿರುತ್ತಿತ್ತು. ಕಾರಣವೇನು? ಅಕ್ಕಿಯನ್ನು ಒಂದೇ ಬಗೆಯದಾಗಿ ಮಾಡಿ ನೋಡಿದನು. ಕೆಲಸಗಾರರನ್ನು ಅದಲುಬದಲು ಮಾಡಿ ನೋಡಿದನು. ಭೇದವು ಉಳಿದೇ ಉಳಿಯಿತು. ಕಡೆಗೆ ನಿಶಿನೋಮಿಯಾದ ಬಾವಿಯ ನೀರನ್ನೇ ಉಓಝಾಕಿಗೆ ಹೊರಿಸಿ ತಂದು ಸಕೆ ಮಾಡಿಸಲು, ಎರಡೂ ಸಮನಾದುವು. ಇದು 1840ರ ಸಂಗತಿ. ಒಂದೊಂದೇ ಕಾರಣವನ್ನು ಪ್ರತ್ಯೇಕಿಸಿ ಪರೀಕ್ಷಿಸುವ ಈ ಕ್ರಮವನ್ನು ನಾವಿಂದು ವಿಜ್ಞಾನದ ತರಗತಿಯಲ್ಲಿ ಬೋಧಿಸುತ್ತೇವೆ. ‘ಮಿಯಾಮಿಝು’ ಎಂಬ ಆ ನೀರು ಗಡಸು ನೀರು. ಅದರಲ್ಲಿರುವ ಪೊಟ್ಯಾಸಿಯಂ, ರಂಜಕಗಳು ಹುದುಗುವಿಕೆಗೆ ಪೋಷಕ. ಬಣ್ಣವನ್ನೂ ರುಚಿಯನ್ನೂ ಕೆಡಿಸುವ ಕಬ್ಬಿಣದ ಅಂಶವು ಅದರಲ್ಲಿ ಅತ್ಯಲ್ಪ.

ಹಾಗಾದರೆ ಮೆದು ನೀರಿನ ಸೀಮೆಯವರು ಕೈಕಟ್ಟಿ ಕುಳಿತಿರಬೇಕೆ? ಹಿರೋಶಿಮಾ ಪ್ರಾಂತದ ಮಿಯುರಾ ಸೆನ್‌ಝಬುರೊ ಎಂಬವನು ಸಕೆ ಮಾಡಲು ತೊಡಗಿದಾಗ ಅದು ಮತ್ತೆ ಮತ್ತೆ ಕೆಟ್ಟು ನಷ್ಟವಾಯಿತು. ತನ್ನ ಊರಿನ ನೀರು ಮೆದುವಾದುದೆಂದೂ, ನಾಡಾದ ಕ್ರಮವು ಅದಕ್ಕೆ ಒಗ್ಗದೆಂದೂ ಅವನು ಕಂಡುಕೊಂಡನು. ಕೋಜಿಯನ್ನು ಚೆನ್ನಾಗಿ ಬಲಿಯಿಸಿ, ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಬೇರೊಂದು ಕ್ರಮವನ್ನು ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದನು. ಇಷ್ಟು ಕಷ್ಟದಿಂದ ದೊರೆತ ಗುಟ್ಟನ್ನು ಮನೆಯಲ್ಲಿಯೇ ಬಚ್ಚಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆತನಾದರೋ 1898ರಲ್ಲಿ ಅದನ್ನು ಪುಸ್ತಕವಾಗಿ ಅಚ್ಚುಮಾಡಿಸಿ ನೆರೆಹೊರೆಯ ಕಸುಬುದಾರರಿಗೆ ತಿಳಿಸಿದನು. 1907ರಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಹಿರೋಶಿಮಾದ ಸಕೆಗಳು ನಾಡಾವನ್ನೂ ಮೀರಿ ಅಗ್ರಸ್ಥಾನ ಪಡೆದುವು. ಬಡ ನೀರೆಂದು ತೋರಿದುದೇ ಹೊಸ ಪರಿಮಳಕ್ಕೆ ಮೂಲವಾಯಿತು.

ಇಂದು ಸಕೆಯಲ್ಲಿ ಕಾಣುವ ಭೇದಗಳಿಗೆ ಈ ಇತಿಹಾಸವೇ ಬೀಜ. ನಾಡಾದ ಸಕೆ ಬಿರುಸಾದುದು, ಸಿಹಿ ಕಡಿಮೆ. ಕ್ಯೋಟೋ ನಗರದ ಫುಶಿಮಿಯದು ಮೃದು. ಅಕ್ಕಿಯ ಕಾಳನ್ನು ಹೊರಗಿನಿಂದ ಎಷ್ಟು ತೇಯುವರೆಂಬುದೂ ರುಚಿಯನ್ನು ನಿರ್ಣಯಿಸುತ್ತದೆ. ಕಾಳಿನ ಶೇಕಡಾ 60 ಅಥವಾ ಅದಕ್ಕೂ ಕಡಿಮೆ ಉಳಿಸಿದುದು ‘ಗಿಂಜೊ’. ಶೇಕಡಾ 50 ಅಥವಾ ಅದಕ್ಕೂ ಕಡಿಮೆ ಉಳಿಸಿದುದು ‘ದೈಗಿಂಜೊ’. ಇವುಗಳಲ್ಲಿ ಸೇಬು, ಬಾಳೆಹಣ್ಣುಗಳನ್ನು ಹೋಲುವ ಪರಿಮಳವಿರುವುದು. ಹಣ್ಣನ್ನು ಮಾತ್ರ ಸೇರಿಸಿರುವುದಿಲ್ಲ, ತಂಪಿನಲ್ಲಿ ಹುದುಗುವಾಗ ಯೀಸ್ಟಿನಿಂದ ಹುಟ್ಟುವ ಗಂಧವದು. ಅಕ್ಕಿ, ಕೋಜಿ, ನೀರುಗಳಿಂದ ಮಾತ್ರ ಆದುದು ‘ಜುನ್‌ಮಾಯ್’. ಅನ್ನದ ತಿರುಳಿನ ರುಚಿ ಅದರಲ್ಲಿ ಹೆಚ್ಚು. ಹಳೆಯ ‘ಕಿಮೊತೊ’ ಕ್ರಮದ್ದರಲ್ಲಿ ಮೊಸರನ್ನು ನೆನಪಿಗೆ ತರುವ ಹುಳಿಯ ಛಾಯೆಯಿರುತ್ತದೆ. ಗಿಂಜೊವನ್ನು ಸಾಮಾನ್ಯವಾಗಿ ತಣ್ಣಗೆ, ಕಿಮೊತೊವನ್ನು ಬಿಸಿಮಾಡಿ ಕುಡಿಯುವುದುಂಟು.

ಇನ್ನು ವಿಸ್ಕಿಯ ವಿಚಾರ. ಇದೇ ಹಿರೋಶಿಮಾ ಪ್ರಾಂತದ ತಾಕೆಹಾರಾ ಊರಿನ ಸಕೆ ಮಾಡುವ ಮನೆತನದಲ್ಲಿ 1894ರಲ್ಲಿ ತಾಕೆತ್ಸುರು ಮಾಸಾತಾಕಾ ಜನಿಸಿದನು. ಅಂದು ಜಪಾನಿನಲ್ಲಿ ವಿಸ್ಕಿಯೆಂದು ಮಾರುತ್ತಿದ್ದುದು ಬಹುಮಟ್ಟಿಗೆ ಮದ್ಯಸಾರಕ್ಕೆ ಬಣ್ಣ, ವಾಸನೆಗಳನ್ನು ಕೂಡಿಸಿದ ಅನುಕರಣ. ಒಸಾಕಾದ ಸೆತ್ಸು ಶುಝೊ ಸಂಸ್ಥೆಯು ನಿಜವಾದ ವಿದ್ಯೆಯನ್ನು ಕಲಿತು ಬರಲೆಂದು 1918ರಲ್ಲಿ ಅವನನ್ನು ಸ್ಕಾಟ್‌ಲೆಂಡಿಗೆ ಕಳುಹಿಸಿತು. ಅವನು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠ ಕೇಳಿದನು. ಲಾಂಗ್‌ಮಾರ್ನ್, ಹೇಝಲ್‌ಬರ್ನ್ ಮೊದಲಾದ ಭಟ್ಟಿಗಳಲ್ಲಿ ಕೈಯಾರೆ ದುಡಿದನು. ಕಂಡುದೆಲ್ಲವನ್ನೂ ಚಿತ್ರಸಹಿತವಾಗಿ ಟಿಪ್ಪಣಿ ಪುಸ್ತಕಗಳಲ್ಲಿ ಬರೆದನು. ರೀಟಾ ಕೋವನ್ ಎಂಬ ಸ್ಕಾಟಿಷ್ ಯುವತಿಯನ್ನು ವರಿಸಿ 1920ರಲ್ಲಿ ತಾಯ್ನಾಡಿಗೆ ಮರಳಿ, ತನ್ನ ಬರಹವನ್ನು ಮೇಲಧಿಕಾರಿ ಇವಾಯಿ ಕೀಚಿರೊಗೆ ಒಪ್ಪಿಸಿದನು. ಅಷ್ಟರಲ್ಲಿ ಆರ್ಥಿಕ ಮುಗ್ಗಟ್ಟು ತಲೆದೋರಿ, ಸಂಸ್ಥೆಯು ವಿಸ್ಕಿಯ ಯೋಜನೆಯನ್ನೇ ಕೈಬಿಟ್ಟಿತು. ತಾಕೆತ್ಸುರು ಕೆಲಸ ಬಿಟ್ಟು, ಕೆಲಕಾಲ ಶಾಲೆಯೊಂದರಲ್ಲಿ ರಸಾಯನಶಾಸ್ತ್ರದ ಉಪಾಧ್ಯಾಯನಾಗಿದ್ದನು.

1923ರಲ್ಲಿ ತೋರಿಯಿ ಶಿಂಜಿರೊ ಎಂಬ ಮದ್ಯವ್ಯಾಪಾರಿಯು ಅವನನ್ನು ಹತ್ತು ವರ್ಷಗಳ ಕರಾರಿನ ಮೇಲೆ ನೇಮಿಸಿಕೊಂಡು, ಕ್ಯೋಟೋ ಮತ್ತು ಒಸಾಕಾಗಳ ನಡುವಣ ಯಾಮಾಝಾಕಿಯಲ್ಲಿ ಭಟ್ಟಿಯನ್ನು ಕಟ್ಟಿಸಿದನು. ಮೂರು ನದಿಗಳು ಕೂಡುವ ಆ ಮಂಜಿನ ತಾಣವು ಒಳ್ಳೆಯ ನೀರಿಗೆ ಹೆಸರಾದುದು. 1929ರಲ್ಲಿ ಅಲ್ಲಿಂದ ಹೊರಬಂದ ‘ಶಿರೋಫುದಾ’ ವಿಸ್ಕಿ ಜನರಿಗೆ ಹಿಡಿಸಲಿಲ್ಲ. ಸ್ಕಾಟ್‌ಲೆಂಡಿನಲ್ಲಿ ಪೀಟ್ ಎಂಬ ಜೌಗುನೆಲದ ಇಂಧನದ ಹೊಗೆಯಲ್ಲಿ ಬಾರ್ಲಿಯನ್ನು ಒಣಗಿಸುವುದರಿಂದ ಬರುವ ಹೊಗೆವಾಸನೆಯು ಜಪಾನೀಯರಿಗೆ ಸಹ್ಯವಾಗಲಿಲ್ಲ. ತಮ್ಮ ಜನರ ನಾಲಗೆಗೆ ಒಗ್ಗಬೇಕೆಂಬುದು ತೋರಿಯಿಯ ನಿಲುವು. ಕಲಿತ ವಿದ್ಯೆಗೆ ಲೋಪ ಬರಬಾರದೆಂಬುದು ತಾಕೆತ್ಸುರುವಿನ ನಿಲುವು. 1934ರಲ್ಲಿ ತಾಕೆತ್ಸುರು ಹೊರಬಂದು, ಸ್ಕಾಟ್‌ಲೆಂಡನ್ನು ಹೋಲುವ ಶೀತಲವಾದ ಹೊಕ್ಕೈಡೊ ದ್ವೀಪದ ಯೋಯಿಚಿಯಲ್ಲಿ ನೆಲಸಿದನು. ವಿಸ್ಕಿ ಪಕ್ವವಾಗುವವರೆಗೆ ಸೇಬಿನ ರಸವನ್ನು ಮಾರಿ, 1940ರಲ್ಲಿ ‘ನಿಕ್ಕಾ’ ವಿಸ್ಕಿಯನ್ನು ಹೊರತಂದನು. ತೋರಿಯಿಯು 1937ರಲ್ಲಿ ಹೊರತಂದ ‘ಕಾಕುಬಿನ್’ ಅದಾಗಲೇ ಜನಪ್ರಿಯವಾಗಿತ್ತು. ಇಬ್ಬರಲ್ಲಿ ಯಾರು ಸರಿ? ಕಾಲವು ಇಬ್ಬರನ್ನೂ ಎತ್ತಿಹಿಡಿಯಿತು. ಕಲ್ಲಿದ್ದಲ ಬೆಂಕಿಯ ನೇರ ಉರಿಯಲ್ಲಿ ಬಟ್ಟಿ ಇಳಿಸುವ ಯೋಯಿಚಿಯ ವಿಸ್ಕಿಯಲ್ಲಿ ಹೊಗೆಯೂ ಗಾತ್ರವೂ ಇದ್ದರೆ, ಯಾಮಾಝಾಕಿಯದರಲ್ಲಿ ಹಣ್ಣು, ಜೇನುಗಳ ನಯವಿದೆ.

ಕೊರತೆಯೂ ಇಲ್ಲಿ ಗುರುವಾಯಿತು. ಮಹಾಯುದ್ಧದ ಕಾಲದಲ್ಲಿ ಹೊರನಾಡಿನ ಪೀಪಾಯಿಗಳು ದೊರೆಯದಾಗಲು, ಜಪಾನೀಯರು ತಮ್ಮ ಕಾಡಿನ ‘ಮಿಝುನಾರಾ’ ಓಕ್ ಮರವನ್ನು ಬಳಸಿದರು. ಅದು ಸೋರುವ ಮರ, ಕೆಲಸಕ್ಕೆ ಕಠಿನ. ಆದರೆ ಬಹುಕಾಲ ಇಟ್ಟರೆ ಶ್ರೀಗಂಧ, ಅಗರುಗಳನ್ನು ಹೋಲುವ ಪರಿಮಳವನ್ನು ಕೊಡುತ್ತದೆ. ಸ್ಕಾಟ್‌ಲೆಂಡಿನ ಭಟ್ಟಿಗಳು ಬೆರಕೆಗಾಗಿ ತಮ್ಮತಮ್ಮೊಳಗೆ ವಿಸ್ಕಿಯನ್ನು ಕೊಟ್ಟು ಕೊಳ್ಳುವುವು. ಜಪಾನಿನ ಪ್ರತಿಸ್ಪರ್ಧಿ ಸಂಸ್ಥೆಗಳಲ್ಲಿ ಆ ರೂಢಿಯಿರಲಿಲ್ಲವಾಗಿ, ಒಂದೊಂದು ಭಟ್ಟಿಯೂ ಹಲವು ಬಗೆಯ ವಿಸ್ಕಿಗಳನ್ನು ತಾನೇ ಮಾಡಲು ಕಲಿಯಿತು.

2001ರಲ್ಲಿ ಬ್ರಿಟನ್ನಿನ ವಿಸ್ಕಿ ಪತ್ರಿಕೆಯೊಂದು ನಡೆಸಿದ ಪರೀಕ್ಷೆಯಲ್ಲಿ ಯೋಯಿಚಿಯ ವಿಸ್ಕಿ ಎಲ್ಲಕ್ಕಿಂತ ಮೇಲೆನಿಸಿತು. ಕೀರ್ತಿಯ ಬೆನ್ನಿಗೆ ಮೋಸವೂ ಬಂದಿತು. ಪರದೇಶದ ಮದ್ಯವನ್ನು ತರಿಸಿ, ಜಪಾನಿನ ಸೀಸೆಗೆ ತುಂಬಿ ಜಪಾನೀ ವಿಸ್ಕಿಯೆಂದು ಮಾರುವವರು ಹುಟ್ಟಿಕೊಂಡರು. ಆಗ ತಯಾರಕರ ಸಂಘವೇ 2021ರಲ್ಲಿ ನಿಯಮವನ್ನು ರಚಿಸಿತು. ಜಪಾನಿನ ನೀರು, ಜಪಾನಿನಲ್ಲಿಯೇ ಬಟ್ಟಿ ಇಳಿಸುವಿಕೆ, ಅಲ್ಲಿಯೇ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷಗಳ ವಾಸ ಇವಿಲ್ಲದೆ ಆ ಹೆಸರು ಸಲ್ಲದು. ಹೆಸರಿಗೆ ತಕ್ಕ ಹೂರಣವಿರಬೇಕೆಂಬ ನ್ಯಾಯವನ್ನು ತಮಗೆ ತಾವೇ ವಿಧಿಸಿಕೊಂಡುದು ಮೆಚ್ಚತಕ್ಕ ವಿಷಯ.

ಇನ್ನೊಂದು ಸಂಗತಿ ಉಳಿದಿದೆ. ತಾಕೆತ್ಸುರು ಒಪ್ಪಿಸಿದ ಬರಹ ವ್ಯರ್ಥವಾಯಿತೆಂದು 1922ರಲ್ಲಿ ಯಾರಿಗಾದರೂ ತೋರುತ್ತಿತ್ತು. ಆದರೆ ಇವಾಯಿ ಕೀಚಿರೊ ಅದನ್ನು ಕಾಪಾಡಿಕೊಂಡಿದ್ದನು. 1960ರಲ್ಲಿ ಹೊಂಬೊ ಶುಝೊ ಎಂಬ ಬೇರೊಂದು ಸಂಸ್ಥೆ ಯಾಮಾನಾಶಿಯಲ್ಲಿ ವಿಸ್ಕಿಯ ಭಟ್ಟಿಯನ್ನು ತೆರೆದಾಗ, ಆ ಟಿಪ್ಪಣಿಗಳ ಆಧಾರದಿಂದಲೇ ಅವನು ಅಲ್ಲಿಯ ಹಂಡೆಗಳನ್ನು ರೂಪಿಸಿದನು. ಬರೆದ ಕೈ ಒಂದು, ಓದಿದ ಕಣ್ಣು ಇನ್ನೊಂದು; ನಡುವೆ ಕಳೆದುದು ನಾಲ್ವತ್ತು ವರ್ಷ.