ಪುಟ್ಟ ಗೋಪುರಗಳ ಸಾಕ್ಷ್ಯ

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಹಗರೆ ಇದೆ. ಹಳೇಬೀಡಿನ ದಾರಿ ಇಲ್ಲಿಂದಲೇ ಕವಲೊಡೆಯುತ್ತದೆ. ಹೊಯ್ಸಳರ ನಗರಗಳನ್ನು ನೋಡಲು ದೂರದ ಜನರು ಬರುತ್ತಾರೆ. ನೆರೆಯಲ್ಲೇ ಬಾಳುವ ಮುಸ್ಲಿಮರು ಅವುಗಳ ಚರಿತ್ರೆಯನ್ನು ಹೇಗೆ ಓದಬೇಕು ಎಂಬ ಪ್ರಶ್ನೆ ಮಹತ್ವದ್ದಾಗಿದೆ.

ಬೇಲೂರಿನ ಚೆನ್ನಕೇಶವ ದೇವಾಲಯವು ಕ್ರಿ.ಶ. 1117ರಲ್ಲಿ ವಿಷ್ಣುವರ್ಧನನಿಂದ ಸ್ಥಾಪಿತವಾಯಿತು. ಇಂದು ಅದರ ಗರ್ಭಗುಡಿಯ ಮೇಲೆ ಶಿಖರವಿಲ್ಲ. ಕೆಳಗಿನ ಕಟ್ಟಡವನ್ನು ಉಳಿಸುವ ಸಲುವಾಗಿ 19ನೇ ಶತಮಾನದಲ್ಲಿ ಅದನ್ನು ಇಳಿಸಲಾಯಿತು. ಆದರೆ ಮೆಟ್ಟಿಲುಗಳ ಇಕ್ಕೆಲಗಳಲ್ಲಿ ಶಿಲ್ಪಿಗಳು ಅಲಂಕಾರಕ್ಕಾಗಿ ನಿಲ್ಲಿಸಿದ ಪುಟ್ಟ ಗುಡಿಗಳು ಗೋಪುರಸಹಿತ ಉಳಿದಿವೆ. ಅಳಿದುಹೋದ ಶಿಖರದ ಆಕಾರವನ್ನು ವಿದ್ವಾಂಸರು ಈ ಕಲ್ಲಿನ ಮಾದರಿಗಳಿಂದಲೇ ಊಹಿಸುತ್ತಾರೆ.

ತನ್ನ ಹೆಮ್ಮೆಯ ಕಟ್ಟಡವನ್ನು ಕಿರಿದಾಗಿಸಿ ಮೆರೆಸುವುದು ಲೋಕರೂಢಿ. 1582ರಲ್ಲಿ ಸುಲ್ತಾನ್ ಮೂರನೆಯ ಮುರಾದನು ಮಗನ ಸುನ್ನತಿಯ ಉತ್ಸವವನ್ನು ನಡೆಸಿದಾಗ, ಇಸ್ತಾಂಬುಲಿನ ಕಟ್ಟಡ ಕುಶಲಿಗರು ಸುಲೈಮಾನಿಯಾ ಮಸೀದಿಯ ಮಾದರಿಯನ್ನು ಮೆರವಣಿಗೆಯಲ್ಲಿ ಹೊತ್ತು ಸಾಗಿದರು. ಬೇಲೂರಿನ ರಥವೂ ಒಂದರ್ಥದಲ್ಲಿ ಬೀದಿಯಲ್ಲಿ ಚಲಿಸುವ ದೇಗುಲದ ಮಾದರಿಯೇ.

ಹೆಮ್ಮೆಗೆ ಒಂದು ಮಿತಿಯಿದೆ. ಎತ್ತರದ ತಾಣಗಳಲ್ಲೆಲ್ಲ ವ್ಯರ್ಥವಾಗಿ ಸ್ಮಾರಕಗಳನ್ನು ಕಟ್ಟಿ, ತಾವು ಶಾಶ್ವತರೆಂಬಂತೆ ಸೌಧಗಳನ್ನು ನಿರ್ಮಿಸುತ್ತಿದ್ದ ಆದ್ ಜನಾಂಗವನ್ನು ಪ್ರವಾದಿ ಹೂದ್(ಅ) ಎಚ್ಚರಿಸಿದುದನ್ನು ಪವಿತ್ರ ಕುರ್‌ಆನ್ ತಿಳಿಸುತ್ತದೆ (26:128-129). ಬೇಲೂರಿನ ಶಿಖರ ಉಳಿಯಲಿಲ್ಲ, ದ್ವಾರಸಮುದ್ರವು ಹಳೇಬೀಡಾಯಿತು, ಕಲಬುರಗಿಯ ಸುಲ್ತಾನರ ವೈಭವವೂ ಅಳಿಯಿತು.

ಮಾದರಿಯು ಆಕಾರವನ್ನು ಕಾಪಾಡುತ್ತದೆ, ನಡೆದ ಕಥೆಯನ್ನು ಹೇಳುವುದಿಲ್ಲ. ಅದನ್ನು ಶಾಸನ ಹೇಳುತ್ತದೆ. ಕಲಬುರಗಿಯ ಕಡೆಯಿಂದ ಬಂದ ಗಂಗ ಸಾಲಾರನೆಂಬ ತುರುಕ ದಳಪತಿಯು ಬೇಲೂರಿನ ಮಹಾದ್ವಾರವನ್ನು ಸುಟ್ಟನೆಂದೂ, ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡಪ್ಪನು ಗೋಪುರವನ್ನು ಮತ್ತೆ ಕಟ್ಟಿಸಿದನೆಂದೂ 1397ರ ಬೇಲೂರು ಶಾಸನದಿಂದ ತಿಳಿಯುತ್ತದೆ. ಇದನ್ನು ಓದುವಾಗ ನಮ್ಮಲ್ಲಿ ಕೆಲವರು ಮುಖ ತಿರುಗಿಸುತ್ತಾರೆ, ಕೆಲವರು ನೆಪ ಹುಡುಕುತ್ತಾರೆ. ಎರಡೂ ಸಲ್ಲದು. ಸಾಕ್ಷ್ಯವು ಸ್ವತಃ ನಿಮ್ಮ ವಿರುದ್ಧವಾಗಿದ್ದರೂ, ಹೆತ್ತವರ, ಬಂಧುಗಳ ವಿರುದ್ಧವಾಗಿದ್ದರೂ ನ್ಯಾಯದಲ್ಲಿ ದೃಢವಾಗಿ ನಿಲ್ಲಿರೆಂಬುದು ಅಲ್ಲಾಹನ ಆಜ್ಞೆ (4:135). ಆ ದಳಪತಿಯ ಕೃತ್ಯದ ಹೊಣೆ ಇಂದಿನ ಮುಸ್ಲಿಮನದ್ದಲ್ಲ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ. ಆದರೆ ಸತ್ಯವನ್ನು ಒಪ್ಪಿಕೊಳ್ಳುವ ಹೊಣೆ ಖಂಡಿತವಾಗಿಯೂ ನಮ್ಮದು.

ಅದೇ ನ್ಯಾಯದಿಂದ ಇನ್ನೊಂದು ಸಾಕ್ಷ್ಯವನ್ನೂ ನುಡಿಯಬೇಕು. ಅದೇ ಬೇಲೂರಿನಲ್ಲಿ, ಚೆನ್ನಕೇಶವನ ರಥ ಹೊರಡುವ ಮೊದಲು ಖಾಜಿಯವರು ಕುರ್‌ಆನ್ ವಚನಗಳನ್ನು ಓದುವ ವಾಡಿಕೆ ತಲೆಮಾರುಗಳಿಂದ ನಡೆದುಬಂದಿತ್ತು. 2022ರಲ್ಲಿ ಆಕ್ಷೇಪಗಳೆದ್ದಾಗಲೂ ಆ ವರ್ಷದ ರಥೋತ್ಸವದಲ್ಲಿ ಅದು ನೆರವೇರಿತು. ನಮ್ಮ ವಿಶ್ವಾಸ ಬೇರೆ, ನೆರೆಯವರ ಆರಾಧನೆ ಬೇರೆ. ಈ ವ್ಯತ್ಯಾಸವನ್ನು ಯಾರೂ ಮರೆಮಾಚಿರಲಿಲ್ಲ. ಆದರೂ ಊರಿನ ಹಬ್ಬದ ದಿನ ಖಾಜಿಯವರಿಗೆ ಗೌರವದ ಸ್ಥಾನವಿತ್ತು.

ಬೆಂದ ಮಹಾದ್ವಾರವನ್ನು ಮಾತ್ರ ನೆನೆಯುವವನೂ, ರಥದ ಮುಂದಿನ ಓದನ್ನು ಮಾತ್ರ ನೆನೆಯುವವನೂ ಬೇಲೂರಿನ ಅರ್ಧ ಚರಿತ್ರೆಯನ್ನಷ್ಟೇ ಓದಿರುತ್ತಾನೆ. ನಮ್ಮ ಮಕ್ಕಳಿಗೆ ನಾವು ಎರಡನ್ನೂ ಕಲಿಸೋಣ. ನೆರೆಯವರ ಕುರಿತು ನ್ಯಾಯವನ್ನೇ ನುಡಿಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.